ನಾಸಿಕ್, ಛತ್ರಪತಿ ಸಂಭಾಜಿನಗರದ ಪ್ರಮುಖ ರಂಗಮಂದಿರಗಳು: ಎಲ್ಲಿವೆ? ಯಾರು ನಡೆಸುತ್ತಾರೆ? ಇಲ್ಲಿದೆ ಮಾಹಿತಿ

ಮುಂಬೈ, ಪುಣೆಯಲ್ಲಿ ಸಿದ್ಧವಾಗುವ ಮರಾಠಿ ನಾಟಕಗಳು ಅಲ್ಲಿಗೇ ನಿಲ್ಲುವುದಿಲ್ಲ, ಮಹಾರಾಷ್ಟ್ರದ ಊರೂರು ಸುತ್ತುತ್ತವೆ. ಹೀಗೆ ಪ್ರವಾಸ ಹೊರಡುವ ತಂಡಗಳಿಗೆ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ ಮುಖ್ಯ ನಿಲ್ದಾಣಗಳು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಧೀನದಲ್ಲಿದ್ದರೆ, ಈ ಎರಡು ನಗರಗಳ ದೊಡ್ಡ ರಂಗಮಂದಿರಗಳು ಮಹಾನಗರ ಪಾಲಿಕೆಗಳಿಗೆ ಸೇರಿವೆ. ಹಾಗಾಗಿ ದುರಸ್ತಿಗೆಂದು ಪಾಲಿಕೆ ಒಂದು ಬಾಗಿಲು ಮುಚ್ಚಿದರೂ ನಗರದ ರಂಗ ಚಟುವಟಿಕೆಗೆ ದೊಡ್ಡ ಪೆಟ್ಟು ಬೀಳುತ್ತದೆ.

ನಾಸಿಕ್: ನಾಟಕಕಾರರ ನಗರ

'ನಟಸಾಮ್ರಾಟ್' (1970) ನಾಟಕ ಬರೆದ ವಿ.ವಾ. ಶಿರವಾಡಕರ್ ಅಂದರೆ ಕುಸುಮಾಗ್ರಜ ಬದುಕಿದ್ದು ನಾಸಿಕ್‌ನಲ್ಲಿ. 1987ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದ ಇವರ ಜನ್ಮದಿನ ಫೆಬ್ರವರಿ 27ನ್ನು ಮರಾಠಿ ಭಾಷಾ ದಿನವಾಗಿ ಆಚರಿಸಲಾಗುತ್ತದೆ. ಮತ್ತೊಬ್ಬ ಹೆಸರಾಂತ ನಾಟಕಕಾರ ವಸಂತ ಕಾನೇಟ್ಕರ್ ಅವರ ಕರ್ಮಭೂಮಿಯೂ ಇದೇ ಊರು.

* ಮಹಾಕವಿ ಕಾಳಿದಾಸ ಕಲಾಮಂದಿರ: ಶಾಲಿಮಾರ್ ಪ್ರದೇಶದಲ್ಲಿರುವ ಪಾಲಿಕೆಯ ರಂಗಮಂದಿರ. ವೃತ್ತಿಪರ ನಾಟಕಗಳಿಗೆ ಇದೇ ಮೊದಲ ಆಯ್ಕೆ. ಸ್ಮಾರ್ಟ್ ಸಿಟಿ ಯೋಜನೆಯಡಿ ನವೀಕರಣಗೊಂಡು 2018ರಲ್ಲಿ ಮತ್ತೆ ತೆರೆಯಿತು.

* ಪರಶುರಾಮ ಸಾಯಿಖೇಡಕರ್ ನಾಟ್ಯಗೃಹ: 1840ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ವಾಚನಾಲಯ ಇದನ್ನು ನಡೆಸುತ್ತದೆ. ಗ್ರಂಥಾಲಯವೊಂದು ನಾಟಕ ಮಂದಿರವನ್ನೂ ನಡೆಸುವುದು ಅಪರೂಪ. ಹವ್ಯಾಸಿ ತಂಡಗಳಿಗೆ ಇದು ಆಸರೆ.

* ಕುಸುಮಾಗ್ರಜ ಸ್ಮಾರಕ: ಕವಿಗೋಷ್ಠಿ, ಉಪನ್ಯಾಸ, ಸಣ್ಣ ಕಾರ್ಯಕ್ರಮಗಳಿಗೆ ಸೂಕ್ತವಾದ ಜಾಗ.

ಛತ್ರಪತಿ ಸಂಭಾಜಿನಗರ: ಸಂತರ ಹೆಸರಿನ ರಂಗಮಂದಿರಗಳು

ಔರಂಗಾಬಾದ್ ಎಂದು ಕರೆಯಲಾಗುತ್ತಿದ್ದ ಈ ನಗರದ ಹೆಸರು ಅಧಿಕೃತವಾಗಿ ಬದಲಾಗಿದ್ದು 2023ರಲ್ಲಿ. ಮರಾಠವಾಡದ ರಂಗಭೂಮಿಗೆ ಇದೇ ಕೇಂದ್ರ.

* ಸಂತ ಏಕನಾಥ ರಂಗಮಂದಿರ: ಉಸ್ಮಾನಪುರದಲ್ಲಿರುವ ಪಾಲಿಕೆಯ ರಂಗಮಂದಿರ. ಇದೇ ಜಿಲ್ಲೆಯ ಪೈಠಣದ ಸಂತ ಏಕನಾಥರು 'ಭಾರುಡ' ಎಂಬ ನಾಟಕೀಯ ಹಾಡುಗಳಿಗೆ ಹೆಸರಾದವರು.

* ಸಂತ ತುಕಾರಾಮ ನಾಟ್ಯಗೃಹ: ಸಿಡ್ಕೊ ಬಡಾವಣೆಯಲ್ಲಿದೆ.

* ತಾಪಡಿಯಾ ನಾಟ್ಯಮಂದಿರ: ನಿರಾಲಾ ಬಜಾರ್‌ನಲ್ಲಿರುವ ಖಾಸಗಿ ರಂಗಮಂದಿರ. ಪಾಲಿಕೆಯ ಸಭಾಂಗಣ ಸಿಗದಿದ್ದಾಗ ತಂಡಗಳು ಇತ್ತ ಬರುತ್ತವೆ.

* ಸೋನೇರಿ ಮಹಲ್: ಹಳೆಯ ಅರಮನೆಯ ಅಂಗಳದಲ್ಲಿ ಎಲ್ಲೋರಾ-ಅಜಂತಾ ಉತ್ಸವದ ಸಂಗೀತ, ನೃತ್ಯ ಕಾರ್ಯಕ್ರಮಗಳು ನಡೆದಿವೆ.

ಇಲ್ಲಿನ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡ ವಿಶ್ವವಿದ್ಯಾಲಯದಲ್ಲಿ ನಾಟ್ಯಶಾಸ್ತ್ರ ವಿಭಾಗವೂ ಇದೆ. ನಿರ್ದೇಶಕ ಚಂದ್ರಕಾಂತ ಕುಲಕರ್ಣಿ ಮತ್ತು ನಾಟಕಕಾರ ಪ್ರಶಾಂತ ದಳವಿ ಈ ಊರಿನಲ್ಲೇ 'ಜಿಗೀಷಾ' ತಂಡದೊಂದಿಗೆ ಬೆಳೆದು, ಬಳಿಕ ಮುಂಬೈಗೆ ಹೋಗಿ ಹೆಸರು ಮಾಡಿದರು.

ನಿರ್ವಹಣೆಯೇ ದೊಡ್ಡ ಸವಾಲು

ಎರಡೂ ನಗರಗಳಲ್ಲಿ ಕೇಳಿಬಂದ ದೂರು ಒಂದೇ. ಮುರಿದ ಆಸನ, ಕೊಳಕು ಶೌಚಾಲಯ, ಕೈಕೊಡುವ ಧ್ವನಿ-ಬೆಳಕಿನ ವ್ಯವಸ್ಥೆಯ ಬಗ್ಗೆ ಕಲಾವಿದರು ಬಹಿರಂಗವಾಗಿಯೇ ಬೇಸರ ತೋಡಿಕೊಂಡಿದ್ದರು. ಏಕನಾಥ ರಂಗಮಂದಿರ ನವೀಕರಣಕ್ಕಾಗಿ ವರ್ಷಗಟ್ಟಲೆ ಮುಚ್ಚಿತ್ತು. ಇಂಥ ಸಮಯದಲ್ಲಿ ಮುಂಬೈನ ದೊಡ್ಡ ತಂಡ ಬೇರೆ ಊರಿಗೆ ಹೋಗಬಹುದು. ಆದರೆ ಸ್ಥಳೀಯ ಹವ್ಯಾಸಿ ತಂಡಕ್ಕೆ ಬೇರೆ ದಾರಿಯಿಲ್ಲ. ನವೀಕರಣದ ನಂತರ ಬಾಡಿಗೆ ಏರಿದರೂ ಮೊದಲು ಹೊರೆಯಾಗುವುದು ಅಂಥ ತಂಡಗಳಿಗೇ.

ಕನ್ನಡದ ನಂಟು

ಮರಾಠಿ ರಂಗಭೂಮಿಯ ಆರಂಭಕ್ಕೆ ಕರ್ನಾಟಕವೂ ಪ್ರೇರಣೆ. ಉತ್ತರ ಕನ್ನಡದ ಭಾಗವತ ಮೇಳದ ಆಟವನ್ನು ನೋಡಿ ಮೆಚ್ಚಿದ ಸಾಂಗ್ಲಿಯ ಸಂಸ್ಥಾನಿಕರು ಮರಾಠಿಯಲ್ಲೂ ಅಂಥದ್ದು ಬೇಕೆಂದು ಬಯಸಿದರು. 1843ರಲ್ಲಿ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿದರು. ಅದರ ನೆನಪಿಗೆ ಮಹಾರಾಷ್ಟ್ರದಲ್ಲಿ ಪ್ರತಿ ವರ್ಷ ನವೆಂಬರ್ 5ರಂದು ಮರಾಠಿ ರಂಗಭೂಮಿ ದಿನ ಆಚರಿಸುತ್ತಾರೆ.