ಮಳೆ ಬಂದಾಗ ಮಳೆಯ ಪಾಠ: ತರಗತಿಯ ವಿಜ್ಞಾನಕ್ಕೆ ಋತುಗಳು ನಡೆದುಬಂದ ದಾರಿ

ಬಾಚಣಿಗೆಯನ್ನು ಒಣಗೂದಲಿಗೆ ಉಜ್ಜಿ ಕಾಗದದ ಚೂರುಗಳ ಬಳಿ ಹಿಡಿದರೆ ಚೂರುಗಳು ಹಾರಿಬಂದು ಅಂಟಿಕೊಳ್ಳುತ್ತವೆ. ಸ್ಥಾಯಿ ವಿದ್ಯುತ್ತಿನ ಈ ಪ್ರಯೋಗ ಜನವರಿಯಲ್ಲಿ ರಾಯಚೂರಿನಲ್ಲೋ ಚಿತ್ರದುರ್ಗದಲ್ಲೋ ಸುಲಭವಾಗಿ ಫಲಿಸುತ್ತದೆ. ಅದನ್ನೇ ಜುಲೈಯಲ್ಲಿ ತೀರ್ಥಹಳ್ಳಿಯ ಶಾಲೆಯೊಂದರಲ್ಲಿ ಮಾಡಿದರೆ ಕಾಗದ ಅಲುಗುವುದೇ ಕಷ್ಟ. ಗಾಳಿಯಲ್ಲಿನ ತೇವ ಬಾಚಣಿಗೆಯ ಮೇಲೆ ತೆಳುವಾಗಿ ಕೂತು, ಉಜ್ಜಿ ಗಳಿಸಿದ ವಿದ್ಯುದಂಶವನ್ನು ಬೇಗನೆ ಸೋರಿಸಿಬಿಡುತ್ತದೆ. ಆದರೆ ಮಗು ಇದನ್ನು ತನ್ನ ಸೋಲು ಎಂದುಕೊಳ್ಳುತ್ತದೆ, ಇಲ್ಲವೇ ಪುಸ್ತಕದಲ್ಲಿ ಬರೆದಿರುವುದು ನಿಜವಲ್ಲ ಎಂದುಕೊಳ್ಳುತ್ತದೆ.

ಕೈಯಾರೆ ಮಾಡಿ ಕಲಿಯುವ ಪಾಠಗಳಿಗೆ ಈಗ ಸ್ಟೆಮ್ ಎಂಬ ಹೆಸರಿದೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತಗಳನ್ನು ಒಟ್ಟಿಗೆ ಕಲಿಸಬೇಕೆಂಬ ಆಶಯ ಹೊತ್ತ ಈ ಹೆಸರು ಅಮೆರಿಕದಲ್ಲಿ 2000ದ ನಂತರ ಬಳಕೆಗೆ ಬಂದದ್ದು. ಕೆಲಸ ಮಾತ್ರ ಅದಕ್ಕಿಂತ ಬಹಳ ಹಳೆಯದು. ಅದರ ಇತಿಹಾಸವನ್ನು ಓದುತ್ತಾ ಹೋದಂತೆ ನನಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಮಕ್ಕಳಿಂದ ಏನು ಮಾಡಿಸಬೇಕು, ಅದಕ್ಕೆ ಯಾವ ಸಾಮಾನು ಬೇಕು ಎಂದು ತುಂಬ ಯೋಚಿಸಿದವರಲ್ಲಿ ಹೆಚ್ಚಿನವರು, ಅದನ್ನು ವರ್ಷದ ಯಾವ ಹೊತ್ತಿನಲ್ಲಿ ಮಾಡಿಸಬೇಕು ಎಂಬುದನ್ನು ಅಷ್ಟಾಗಿ ಯೋಚಿಸಿಲ್ಲ.

ಯೋಚಿಸಿದ ಮೊದಲಿಗರಲ್ಲಿ ವಿಲ್ಬರ್ ಜ್ಯಾಕ್‌ಮನ್ ಒಬ್ಬರು. ಷಿಕಾಗೊದ ಕುಕ್ ಕೌಂಟಿ ನಾರ್ಮಲ್ ಶಾಲೆಯಲ್ಲಿ ಶಿಕ್ಷಕರನ್ನು ತರಬೇತುಗೊಳಿಸುತ್ತಿದ್ದ ಅವರು, ಸಾಮಾನ್ಯ ಶಾಲೆಗಳ ಪ್ರಕೃತಿ ಪಾಠಕ್ಕೆಂದು 1891ರಲ್ಲಿ ತಂದ ಪುಸ್ತಕವನ್ನು ತಿಂಗಳುಗಳ ಪ್ರಕಾರ ಜೋಡಿಸಿದ್ದರು. ಆಯಾ ತಿಂಗಳು ಹೊರಗೆ ಕಾಣುವ ಗಿಡ, ಹುಳು, ಗಾಳಿ, ಆಕಾಶವೇ ಆ ತಿಂಗಳ ಪಾಠ. 1890ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಕೃಷಿ ಕುಸಿದು ಹಳ್ಳಿಯ ಯುವಕರು ಪಟ್ಟಣ ಸೇರತೊಡಗಿದಾಗ, ಹೊಲದ ಬದುಕಿನಲ್ಲಿ ಮಕ್ಕಳಿಗೆ ಆಸಕ್ತಿ ಹುಟ್ಟಿಸಲು ಕಾರ್ನೆಲ್ ವಿಶ್ವವಿದ್ಯಾಲಯ ಇಂಥ ಪಾಠಗಳನ್ನು ಕೈಗೆತ್ತಿಕೊಂಡಿತು. ಅಲ್ಲಿನ ಆ್ಯನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕ್ 1911ರಲ್ಲಿ ಪ್ರಕಟಿಸಿದ ಪ್ರಕೃತಿ ಅಧ್ಯಯನದ ಕೈಪಿಡಿ ಇಂದಿಗೂ ಓದುಗರನ್ನು ಕಳೆದುಕೊಂಡಿಲ್ಲ.

ಇವರ ಋತುಗಳು ಹಿಮ ಬೀಳುವ ನಾಡಿನ ನಾಲ್ಕು ಋತುಗಳು. ನಮ್ಮ ಬೇಸಾಯಗಾರರ ಲೆಕ್ಕವೇ ಬೇರೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಸಾಗುವ ಮಳೆ ನಕ್ಷತ್ರಗಳಲ್ಲಿ ಒಂದೊಂದಕ್ಕೂ 13-14 ದಿನಗಳ ಅವಧಿ. ಆಕಾಶದಲ್ಲಿ ಸೂರ್ಯನಿರುವ ಜಾಗ, ನೆಲದ ಹದ, ಬಿತ್ತನೆ ಮೂರನ್ನೂ ಒಂದೇ ಪಟ್ಟಿಗೆ ತಂದ ಈ ವ್ಯವಸ್ಥೆ ಶಾಲೆಯ ಬಾಗಿಲವರೆಗೆ ಬಂದು ಹೊರಗೇ ಉಳಿದದ್ದು ನನಗೆ ದೊಡ್ಡ ನಷ್ಟವೆಂದೇ ಅನಿಸುತ್ತದೆ.

ಋತುಗಳನ್ನು ಶಾಲೆಯ ಒಳಗೆ ತರುವ ಯತ್ನಗಳು ನಡೆಯಲಿಲ್ಲ ಎಂದಲ್ಲ. ರವೀಂದ್ರನಾಥ ಟಾಗೋರರು 1901ರಲ್ಲಿ ಆರಂಭಿಸಿದ ಶಾಂತಿನಿಕೇತನದ ಶಾಲೆಯಲ್ಲಿ ತರಗತಿಗಳು ಮರದಡಿಯಲ್ಲಿ ನಡೆದವು, ಋತುಗಳು ಹಬ್ಬಗಳಾದವು. 1928ರಲ್ಲಿ ಗಿಡ ನೆಡುವುದೂ ಒಂದು ಉತ್ಸವವಾಯಿತು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೈಕೆಲಸವನ್ನೇ ಕಲಿಕೆಯ ನಡುಗಂಬ ಮಾಡಿತು. ಜಾಕಿರ್ ಹುಸೇನ್ ಸಮಿತಿ ಅದಕ್ಕಾಗಿ ರೂಪಿಸಿದ ಪಠ್ಯಕ್ರಮದಲ್ಲಿ ಸೂರ್ಯನಿಂದ ದಿಕ್ಕು ತಿಳಿಯುವುದು, ಋತುಗಳ ಲಕ್ಷಣ ಗುರುತಿಸುವುದು ಎಳೆಯ ಮಕ್ಕಳ ವಿಜ್ಞಾನವಾಗಿದ್ದವು. ಕನ್ನಡದಲ್ಲಿ ಬೆಳ್ಳಾವೆ ವೆಂಕಟನಾರಾಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಪತ್ರಿಕೆ ತಂದರು. ಮುಂದೆ ಶಿವರಾಮ ಕಾರಂತರು ‘ಬಾಲ ಪ್ರಪಂಚ’ ಬರೆದರು. ಮಕ್ಕಳೊಡನೆ ವಿಜ್ಞಾನವನ್ನು ಮಾತನಾಡಬಲ್ಲ ಕನ್ನಡ ಹೀಗೆ ಸಿದ್ಧವಾಯಿತು.

ಯುದ್ಧದಲ್ಲಿ ಹಾಳಾದ ದೇಶಗಳ ವಿಜ್ಞಾನ ಶಿಕ್ಷಕರಿಗೆಂದು ಯುನೆಸ್ಕೊ 1948ರಲ್ಲಿ ಒಂದು ಪುಸ್ತಿಕೆ ತಂದಿತ್ತು. 1956ರಲ್ಲಿ ಅದು ವಿಜ್ಞಾನ ಬೋಧನೆಯ ಆಕರ ಗ್ರಂಥವಾಗಿ ಬೆಳೆಯಿತು. ಡಬ್ಬಿ, ಬಾಟಲಿ, ತಂತಿಗಳಿಂದಲೇ ಹವಾಮಾನದ ಉಪಕರಣಗಳನ್ನು ಮಾಡಿಕೊಳ್ಳುವ ಬಗೆ ಅದರಲ್ಲಿತ್ತು. ಮರುವರ್ಷವೇ ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹಾರಿತು. ಅಮೆರಿಕ, ಬ್ರಿಟನ್‌ಗಳಲ್ಲಿ ವಿಜ್ಞಾನ ಬೋಧನೆಗೆ ಹಣ ಹರಿಯಿತು, ವಿಜ್ಞಾನಿಗಳೇ ಪಠ್ಯ ರಚನೆಗೆ ಕೂತರು, ಪ್ರಯೋಗದ ಪೆಟ್ಟಿಗೆಗಳು ಬಂದವು. ಅದರಿಂದ ಒಳ್ಳೆಯದೇ ಆಯಿತು. ಆದರೆ ಪೆಟ್ಟಿಗೆಯಲ್ಲಿ ಬಂದ ಪ್ರಯೋಗವನ್ನು ಯಾವ ತಿಂಗಳಲ್ಲಾದರೂ ಮಾಡಬಹುದು ಎಂಬ ಭಾವನೆಯೂ ಅದರೊಂದಿಗೇ ಬೇರೂರಿತು.

ಭಾರತದ ಮಟ್ಟಿಗೆ ಈ ಕ್ಷೇತ್ರದ ಬಹುದೊಡ್ಡ ಅಧ್ಯಾಯ ತೆರೆದದ್ದು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಆರಂಭಿಸಿದ ವಿಜ್ಞಾನ ಕಾರ್ಯಕ್ರಮ 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. ‘ಬಾಲ ವೈಜ್ಞಾನಿಕ’ ಎಂಬ ಅದರ ಪುಸ್ತಕ ಉತ್ತರಗಳನ್ನು ಕೊಡದೆ ಪ್ರಶ್ನೆಗಳನ್ನು ಕೊಡುತ್ತಿತ್ತು. ಮಕ್ಕಳು ಗುಂಪುಗಳಲ್ಲಿ ಪ್ರಯೋಗ ಮಾಡುತ್ತಿದ್ದರು, ಹೊಲ ತೋಟಗಳಿಗೆ ಹೋಗುತ್ತಿದ್ದರು, ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಕೂರುತ್ತಿದ್ದರು. ಕಡ್ಡಿಪೆಟ್ಟಿಗೆಯ ಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನಿಂದ ಜ್ಯಾಮಿತಿ ಕಲಿಸಿದ ಅರವಿಂದ ಗುಪ್ತ ಅವರು ಈ ದಾರಿ ಹಿಡಿದದ್ದೂ ಇಲ್ಲಿಂದಲೇ.

ಆ ಕಾರ್ಯಕ್ರಮದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಶಿಕ್ಷಕರ ಮಾಸಿಕ ಗೋಷ್ಠಿ. ತಿಂಗಳಿಗೊಮ್ಮೆ ಸುತ್ತಲಿನ ಶಾಲೆಗಳ ಶಿಕ್ಷಕರು ಒಂದೆಡೆ ಸೇರಿ, ಹಿಂದಿನ ಪಾಠಗಳಲ್ಲಿ ಎದುರಾದ ತೊಡಕುಗಳನ್ನು ಮುಂದಿಟ್ಟು, ಬರಲಿರುವ ಪಾಠಗಳಿಗೆ ಅಣಿಯಾಗುತ್ತಿದ್ದರು. ಋತುವಿಗೆ ತಕ್ಕ ಯೋಜನೆಗೆ ಬೇಕಾದ ಅಡಿಪಾಯ ಇದೇ. ತೆನೆ ಬಿಟ್ಟಿದೆಯೇ, ಕೆರೆಯಲ್ಲಿ ಗೊದಮೊಟ್ಟೆ ಕಂಡಿದೆಯೇ ಎಂಬುದು ರಾಜಧಾನಿಯಲ್ಲಿ ಕೂತವರಿಗೆ ತಿಳಿಯುವ ವಿಷಯವಲ್ಲ. 2002ರಲ್ಲಿ ಸರ್ಕಾರ ಈ ಕಾರ್ಯಕ್ರಮವನ್ನು ನಿಲ್ಲಿಸಿತು. ಮೂವತ್ತು ವರ್ಷಗಳ ಅನುಭವ ಹಾಗೆ ಕಡಿದುಹೋದದ್ದು ದೇಶದ ಶಿಕ್ಷಣಕ್ಕೆ ಬಿದ್ದ ಪೆಟ್ಟು.

ಕರ್ನಾಟಕದಲ್ಲಿ 1980 ಮುಖ್ಯವಾದ ವರ್ಷ. ಆ ವರ್ಷದ ಫೆಬ್ರುವರಿ 16ರಂದು ಪೂರ್ಣ ಸೂರ್ಯಗ್ರಹಣದ ಪಟ್ಟಿ ಉತ್ತರ ಕನ್ನಡದ ಕರಾವಳಿಯಿಂದ ರಾಯಚೂರಿನ ಕಡೆಗೆ ಹಾದುಹೋಯಿತು. ಬಹಳಷ್ಟು ಜನ ಬಾಗಿಲು ಮುಚ್ಚಿ ಒಳಗೆ ಕೂತಿದ್ದರು. ಅದೇ ವರ್ಷ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲ ವಿಜ್ಞಾನ’ ಮಾಸಪತ್ರಿಕೆಯ ಮೂಲಕ ಶಾಲೆ ಶಾಲೆಗೆ ತಲುಪಿತು. 2019ರ ಡಿಸೆಂಬರ್ 26ರಂದು ಕಂಕಣ ಗ್ರಹಣ ಮಂಗಳೂರು, ಕೊಡಗುಗಳಲ್ಲಿ ಕಂಡಾಗ ಎಷ್ಟೋ ಮಕ್ಕಳು ಸೌರ ಕನ್ನಡಕ ಹಾಕಿ ಬಯಲಿನಲ್ಲಿ ನಿಂತಿದ್ದರು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ, ಪ್ರತಿ ಮಗುವಿಗೂ ತನ್ನದೇ ವೇಗದಲ್ಲಿ ಕಲಿಕೆಯ ಏಣಿ ಹತ್ತುವ ಸ್ವಾತಂತ್ರ್ಯ ಕೊಟ್ಟಿತು. ಮೆಟ್ಟಿಲುಗಳ ಕ್ರಮ ಮಾತ್ರ ಮೊದಲೇ ಗೊತ್ತಾಗಿರುವುದರಿಂದ, ಮಳೆಗಾಲ ಬಂತೆಂದು ಮಳೆಯ ಮೆಟ್ಟಿಲನ್ನು ಮುಂದೆ ತರುವ ಅವಕಾಶ ಅಲ್ಲಿ ಕಡಿಮೆ.

ಈಚಿನ ಎರಡು ಬೆಳವಣಿಗೆಗಳು ಎರಡು ಬೇರೆ ದಿಕ್ಕಿಗೆ ನೋಡುತ್ತವೆ. 2016ರಿಂದ ಬಂದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಲ್ಲಿ ತ್ರೀಡಿ ಪ್ರಿಂಟರ್, ಸೆನ್ಸರ್, ರೋಬಾಟ್ ಕಿಟ್‌ಗಳಿವೆ. ಮಕ್ಕಳ ಕೈಗೆ ಉಪಕರಣ ಕೊಟ್ಟದ್ದು ದೊಡ್ಡ ಮಾತು, ಆದರೆ ಆ ಕೊಠಡಿಗೆ ಜೂನ್ ಒಂದೇ, ಜನವರಿ ಒಂದೇ. ಇನ್ನೊಂದು ಕಡೆ ಸೀಸನ್‌ವಾಚ್ ಯೋಜನೆಯಲ್ಲಿ ಮಕ್ಕಳು ತಾವು ಆರಿಸಿಕೊಂಡ ಮರವನ್ನು ವಾರವಾರವೂ ನೋಡಿ ಚಿಗುರು, ಹೂ, ಕಾಯಿಗಳನ್ನು ದಾಖಲಿಸುತ್ತಾರೆ. ಕೇರಳದ ಶಾಲೆಗಳು ಇದರಲ್ಲಿ ಮುಂದಿವೆ. ವಿಷು ಹಬ್ಬದ ಹೊತ್ತಿಗೆ ಅರಳಬೇಕಾದ ಕಕ್ಕೆ ಹೂ ಬೇರೆ ತಿಂಗಳುಗಳಲ್ಲೂ ಕಾಣಿಸುತ್ತಿದೆ ಎಂಬುದಕ್ಕೆ ಅಲ್ಲಿ ಮಕ್ಕಳ ಟಿಪ್ಪಣಿಗಳೇ ಆಧಾರವಾದವು. ಟಿಂಕರಿಂಗ್ ಲ್ಯಾಬಿನ ತೇವಾಂಶದ ಸೆನ್ಸರ್ ಶಾಲೆಯ ಅಂಗಳದ ಹೊಂಗೆಯ ಬುಡಕ್ಕೆ ಬಂದರೆ ಈ ಎರಡೂ ಧಾರೆಗಳು ಕೂಡಬಹುದು.

ನಮ್ಮ ಶಾಲೆಗಳ ನಿಜವಾದ ತೊಡಕು ವೇಳಾಪಟ್ಟಿಯದು. ಶೂನ್ಯ ನೆರಳಿನ ದಿನವನ್ನೇ ನೋಡಿ. ಸೂರ್ಯ ನೆತ್ತಿಯ ಮೇಲೆ ನೇರ ಬಂದು ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುವುದು ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ. ಏಪ್ರಿಲ್‌ನಲ್ಲಿ ಬೇಸಿಗೆ ರಜೆ, ಆಗಸ್ಟ್‌ನಲ್ಲಿ ಮೋಡ. ಹಾಗೆಂದು ನೆರಳಿನ ಪಾಠವನ್ನು ಕೈಬಿಡಬೇಕಿಲ್ಲ, ಡಿಸೆಂಬರ್‌ಗೆ ಒಯ್ಯಬಹುದು. ಬೆಂಗಳೂರು ಮತ್ತು ಬೀದರ್ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ನಡುವಿನ ನೇರ ದೂರ ಸುಮಾರು 550 ಕಿಲೊಮೀಟರ್. ಡಿಸೆಂಬರ್ 21ರ ಆಸುಪಾಸಿನ ನಿಚ್ಚಳ ಮಧ್ಯಾಹ್ನ, ನೆರಳು ಅತಿ ಚಿಕ್ಕದಾದ ಗಳಿಗೆಯಲ್ಲಿ ಅಳೆದರೆ ಒಂದು ಮೀಟರ್ ಕೋಲಿನ ನೆರಳು ಬೆಂಗಳೂರಿನಲ್ಲಿ 74 ಸೆಂಟಿಮೀಟರ್, ಬೀದರ್‌ನಲ್ಲಿ 88 ಸೆಂಟಿಮೀಟರ್ ಬರಬೇಕು. ಅವುಗಳಿಂದ ಸಿಗುವ ಕೋನಗಳ ವ್ಯತ್ಯಾಸ ಸುಮಾರು 5 ಡಿಗ್ರಿ. ಐದು ಡಿಗ್ರಿಗೆ 550 ಕಿಲೊಮೀಟರ್ ಆದರೆ 360 ಡಿಗ್ರಿಗೆ 39,600. ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000 ಕಿಲೊಮೀಟರ್. ಎರಟೊಸ್ತನೀಸ್ ಈಜಿಪ್ಟಿನಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಮಾಡಿದ್ದನ್ನು ಎರಡು ಸರ್ಕಾರಿ ಶಾಲೆಗಳು ಒಂದು ಕೋಲು, ಒಂದು ಫೋನ್ ಕರೆಯಲ್ಲಿ ಮಾಡಿ ಮುಗಿಸಬಹುದು. ಜೂನ್ 21ರಂದು ಬಿಸಿಲು ಇಣುಕಿದರೆ ಇನ್ನೊಂದು ಅಚ್ಚರಿಯಿದೆ: ಕರ್ನಾಟಕದಲ್ಲೆಲ್ಲ ಅಂದು ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ.

ಮಳೆಯ ಪಾಠಕ್ಕೆ ಇಷ್ಟು ಹೊಂದಾಣಿಕೆಯೂ ಬೇಡ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲದ ಡಬ್ಬಿ ಮತ್ತು ಅಳತೆಪಟ್ಟಿ ಸಾಕು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಚಾವಣಿ 100 ಚದರ ಮೀಟರ್ ಇದ್ದು 10 ಮಿಲಿಮೀಟರ್ ಮಳೆ ಸುರಿದರೆ 1,000 ಲೀಟರ್. ಮಕ್ಕಳು ಅಳೆದದ್ದನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕದ ಅಂಕಿಯೊಂದಿಗೆ ಹೋಲಿಸಬಹುದು. ಆಗುಂಬೆಯ ವಾರ್ಷಿಕ ಮಳೆ 7,000 ಮಿಲಿಮೀಟರ್ ದಾಟುತ್ತದೆ, ಚಳ್ಳಕೆರೆಯದು 500ರ ಆಸುಪಾಸು. ಎರಡೂ ಊರಿಗೆ ಒಂದೇ ಮಳೆಪಾಠ ಹೊಂದೀತೆ? ದಿನದ ಅಂಕಿಗಳನ್ನು ಆರಿದ್ರಾ, ಪುನರ್ವಸು ಎಂದು ಮಳೆ ನಕ್ಷತ್ರವಾರು ಕೂಡಿಟ್ಟರೆ, ಮನೆಯ ಹಿರಿಯರ ಮಾತನ್ನು ಲೆಕ್ಕದಿಂದ ಪರೀಕ್ಷಿಸಲು ಮಕ್ಕಳಿಗೆ ದಾರಿಯಾಗುತ್ತದೆ. ಭರಣಿ ಮಳೆ ಬಂದ ವರ್ಷ ಬೆಳೆ ನಿಜಕ್ಕೂ ಹೆಚ್ಚೇ ಎಂಬುದು ಹತ್ತು ವರ್ಷಗಳ ದಾಖಲೆ ಕೇಳುವ ಪ್ರಶ್ನೆ. ಒಂದು ತಂಡ ಆರಂಭಿಸಿದ್ದನ್ನು ಮುಂದಿನ ತಂಡಗಳು ನಡೆಸಬೇಕು.

ಇದಕ್ಕೆ ಹೊಸ ಆದೇಶ ಬೇಕಿಲ್ಲ. ನಮ್ಮ ಶಾಲೆಗಳಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು (ಎಫ್‌ಎ) ಈಗಾಗಲೇ ಇವೆ, ಪ್ರತಿಯೊಂದಕ್ಕೂ ಚಟುವಟಿಕೆ ಕಡ್ಡಾಯ. ಸುಮಾರಾಗಿ ಮುಂಗಾರಿನಲ್ಲಿ ಎಫ್‌ಎ-1, ಮಳೆ ಹಿಂದೆಗೆಯುವ ಹೊತ್ತಿಗೆ ಎಫ್‌ಎ-2, ಚಳಿಗೆ ಎಫ್‌ಎ-3, ಎಲೆಯುದುರುವ ಕಾಲಕ್ಕೆ ಎಫ್‌ಎ-4. ಮೊದಲನೆಯದಕ್ಕೆ ಮಳೆಮಾಪಕ, ಮೊಳಕೆ, ಎಷ್ಟು ನಾಣ್ಯ ಹೊರುತ್ತದೆಂದು ಲೆಕ್ಕ ಹಾಕುವ ಕಾಗದದ ದೋಣಿ. ಎರಡನೆಯದಕ್ಕೆ ಮಣ್ಣು, ಜೇಡರ ಬಲೆ, ಹೊಲದ ಹಳ್ಳಕ್ಕೆ ಕಟ್ಟಿದ ಪುಟ್ಟ ಒಡ್ಡು. ಮೂರನೆಯದಕ್ಕೆ ನೆರಳು, ಇಬ್ಬನಿ, ರಾತ್ರಿಯ ಆಕಾಶ. ನಾಲ್ಕನೆಯದಕ್ಕೆ ಸ್ಥಾಯಿ ವಿದ್ಯುತ್ತು, ಮಡಕೆಯ ನೀರಿನ ತಂಪು, ಸೌರ ಒಲೆ, ಮುತ್ತುಗದ ಹೂವಿನ ಬಣ್ಣ. ಘಟಕಗಳ ಕ್ರಮವನ್ನು ಇದಕ್ಕೆ ತಕ್ಕಂತೆ ಹಿಂದುಮುಂದು ಮಾಡಿಕೊಳ್ಳುವ ಅಧಿಕಾರ, ಮೇ ಕೊನೆಯಲ್ಲಿ ವಾರ್ಷಿಕ ಯೋಜನೆ ಬರೆಯಲು ಕೂರುವ ಶಿಕ್ಷಕರಿಗೆ ಇರಬೇಕು. ಸಮೂಹ ಸಂಪನ್ಮೂಲ ಕೇಂದ್ರದ ಸಭೆಯಲ್ಲಿ ಪ್ರತಿ ತಿಂಗಳು ಅರ್ಧ ಗಂಟೆಯನ್ನಾದರೂ, ಸುತ್ತಲಿನ ಊರುಗಳಲ್ಲಿ ಈಗ ಏನು ಅರಳಿದೆ, ಏನು ಮೊಳೆತಿದೆ ಎಂಬ ಮಾತಿಗೆ ತೆಗೆದಿಡಬೇಕು.