ಹಿಂದಕ್ಕೆ ಹರಿದ ಹೊಳೆಯಲ್ಲಿ ಮತ್ತೆ ದೋಣಿಗಳು

ಶಿಕಾಗೋ ಎಂದೊಡನೆ ನಮ್ಮ ಕನ್ನಡ ಮನೆಗಳಲ್ಲಿ ಮೊದಲು ನೆನಪಾಗುವುದು 1893ರ ಸರ್ವಧರ್ಮ ಸಮ್ಮೇಳನ, ಸ್ವಾಮಿ ವಿವೇಕಾನಂದರು. ಅವರು ಮಾತನಾಡಿದ ಆ ಸೆಪ್ಟೆಂಬರಿನಲ್ಲಿ ಊರಿನ ನೈರುತ್ಯಕ್ಕೆ ಸಾವಿರಾರು ಕೂಲಿಕಾರರು ಒಂದು ದೊಡ್ಡ ಕಾಲುವೆ ಅಗೆಯುತ್ತಿದ್ದರು. ನದಿಯೊಂದನ್ನು ಹಿಂದಕ್ಕೆ ಹರಿಸುವ ಕಾಲುವೆ ಅದು! ಇಂದು ಬೇಸಿಗೆ ಬಂತೆಂದರೆ ಮಾರ್ಗದರ್ಶಕರ ಹಿಂದೆ ಸಾಲಾಗಿ ದೋಣಿ ನಡೆಸುತ್ತಾ ಹಕ್ಕಿ, ಆಮೆಗಳನ್ನು ನೋಡಿಬರಲು ನಾವು ಮಕ್ಕಳೊಡನೆ ಹೋಗಬಹುದಾದ ನದಿಯೂ ಅದೇ. ದೋಣಿ ಹತ್ತುವ ಮೊದಲು ಅದರ ಕಥೆಯನ್ನು ಸ್ವಲ್ಪ ತಿಳಿದುಕೊಳ್ಳೋಣ.

ಈ ಊರು ಬೆಳೆದದ್ದೇ ದೋಣಿಯ ದಾರಿಯಿಂದ. ಮಿಷಿಗನ್ ಸರೋವರ ಸೇರುತ್ತಿದ್ದ ಶಿಕಾಗೋ ನದಿಗೂ, ಮಿಸಿಸಿಪ್ಪಿಯ ಕಡೆಗೆ ಇಳಿಯುವ ಡೆಸ್ ಪ್ಲೇನ್ಸ್ ನದಿಗೂ ನಡುವೆ ಇದ್ದದ್ದು ಕೆಲವೇ ಮೈಲಿಗಳ ಜೌಗು ನೆಲ. ಮೂಲನಿವಾಸಿಗಳು ಹಗುರ ದೋಣಿಗಳನ್ನು ಹೆಗಲ ಮೇಲೆ ಹೊತ್ತು ಅದನ್ನು ದಾಟುತ್ತಿದ್ದರು. 1673ರಲ್ಲಿ ಮಾರ್ಕೆತ್ ಮತ್ತು ಜೋಲಿಯೆ ಎಂಬ ಫ್ರೆಂಚ್ ಯಾತ್ರಿಕರು ಈ ದಾರಿಯನ್ನು ತಿಳಿದದ್ದು ಅವರಿಂದಲೇ. ಊರಿನ ಹೆಸರೂ ಅವರ ನುಡಿಯದೇ. ಅಲ್ಲಿ ಬೆಳೆಯುತ್ತಿದ್ದ, ಈರುಳ್ಳಿಯ ಜಾತಿಯ ಒಂದು ಕಾಡು ಗಿಡದ ಹೆಸರು ಅದು.

ಊರು ಬೆಳೆಯಿತು, ಹೊಳೆ ಚರಂಡಿಯಾಯಿತು. 1865ರಲ್ಲಿ ದೊಡ್ಡ ದನದ ಸಂತೆ ತೆರೆಯಿತು. ಸುತ್ತಲಿನ ಕಸಾಯಿಖಾನೆಗಳ ರಕ್ತ, ಕೊಬ್ಬು, ಕರುಳುಗಳೆಲ್ಲ ದಕ್ಷಿಣದ ಕವಲಿಗೆ ಬಿದ್ದವು. ತಳದಲ್ಲಿ ಕೊಳೆತದ್ದು ಗುಳ್ಳೆಗುಳ್ಳೆಯಾಗಿ ಮೇಲೆ ಬರುತ್ತಿದ್ದುದರಿಂದ ಆ ಕವಲಿಗೆ ‘ಬಬ್ಲಿ ಕ್ರೀಕ್’ ಎಂದೇ ಹೆಸರಾಯಿತು. ಇದೆಲ್ಲ ಹೋಗಿ ಸೇರುತ್ತಿದ್ದುದು ಕುಡಿಯುವ ನೀರಿನ ಸರೋವರಕ್ಕೆ. ಅದಕ್ಕಾಗಿ 1889ರಲ್ಲಿ ಒಂದು ನೈರ್ಮಲ್ಯ ಮಂಡಳಿ ಹುಟ್ಟಿತು. 28 ಮೈಲಿ ಕಾಲುವೆ ತೋಡಿ, 1900ರ ಜನವರಿಯಲ್ಲಿ ನದಿಯನ್ನು ಸರೋವರಕ್ಕೆ ಬೆನ್ನು ಹಾಕಿಸಿ ತಿರುಗಿಸಿಬಿಟ್ಟರು.

ಎಂಜಿನಿಯರುಗಳ ಸಾಹಸವನ್ನು ಜಗತ್ತು ಕೊಂಡಾಡಿತು. ಆದರೆ ಕೊಳೆ ಮಾಯವಾಗಲಿಲ್ಲ, ಕೆಳಗಿನ ಊರುಗಳ ಪಾಲಾಯಿತು. ಮಿಸ್ಸೌರಿ ರಾಜ್ಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. 1906ರಲ್ಲಿ ಸುಪ್ರೀಂ ಕೋರ್ಟು ಸಾಕ್ಷ್ಯ ಸಾಲದೆಂದು ದಾವೆಯನ್ನು ತಳ್ಳಿಹಾಕಿತು. ಬೆಂಗಳೂರಿನ ವೃಷಭಾವತಿಯನ್ನು ಬಲ್ಲ ನಮಗೆ ಇದು ಹೊಸ ಕಥೆಯೇನಲ್ಲ. ಅದೂ ಊರಿನ ಕೊಳೆ ಹೊತ್ತು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. ನಮ್ಮ ಮನೆಯಿಂದ ಹೊರಬಿದ್ದದ್ದು ಯಾರ ಹೊಲಕ್ಕೆ ಹೋಯಿತೆಂದು ನಾವು ಕೇಳಿದ್ದು ಕಡಿಮೆ.

ಶಿಕಾಗೋದಲ್ಲಿ ಗಾಳಿ ತಿರುಗಿದ್ದು 1970ರ ದಶಕದಲ್ಲಿ. 1972ರಲ್ಲಿ ದೇಶಕ್ಕೆಲ್ಲ ಶುದ್ಧ ಜಲ ಕಾಯಿದೆ ಬಂತು. 1975ರಲ್ಲಿ ಮಳೆನೀರು, ಚರಂಡಿನೀರು ಹಿಡಿದಿಡುವ ಆಳದ ಸುರಂಗಗಳ ಕೆಲಸ ಆರಂಭವಾಯಿತು. 1979ರಲ್ಲಿ ‘ಶಿಕಾಗೋ’ ಪತ್ರಿಕೆಯ ಲೇಖನವೊಂದು ಈ ನದಿಗೆ ಸ್ನೇಹಿತರೇ ಇಲ್ಲವೆಂದು ಬರೆಯಿತು. ಅದನ್ನೋದಿದ ಜನ ಸೇರಿ ‘ಫ್ರೆಂಡ್ಸ್ ಆಫ್ ದಿ ಶಿಕಾಗೋ ರಿವರ್’ ಕಟ್ಟಿದರು. ಜನರನ್ನು ದಂಡೆಗೆ ಕರೆತರುವುದು, ದೋಣಿಯಲ್ಲಿ ಕೂರಿಸುವುದು, ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಎಲ್ಲರೊಡನೆ ಕಸ ಹೆಕ್ಕುವುದು ಅವರು ಹಿಡಿದ ದಾರಿ.

ಈ ದಾರಿಯಲ್ಲಿ ಅರ್ಥವಿದೆ. ಸೇತುವೆಯ ಮೇಲಿಂದ ಕಾಣುವುದು ನೀರಿನ ಬಣ್ಣವಷ್ಟೇ. ದೋಣಿಯಲ್ಲಿ ಕುಳಿತವರಿಗೆ ಚರಂಡಿ ಕೊಳವೆಯ ಬಾಯಿ, ಬೇರಿಗೆ ಸಿಕ್ಕ ಪ್ಲಾಸ್ಟಿಕ್, ಮರದ ದಿಮ್ಮಿಯ ಮೇಲೆ ಬಿಸಿಲು ಕಾಯಿಸುವ ಆಮೆ, ಒಂಟಿಕಾಲಲ್ಲಿ ನಿಂತ ನೀಲಿ ಬಕ ಎಲ್ಲವೂ ಕೈಯಳತೆಯಲ್ಲಿ. ಹುಟ್ಟು ಹಾಕುವುದನ್ನು ನಿಲ್ಲಿಸಿ, ಸದ್ದಿಲ್ಲದೆ ತೇಲಲು ಬಿಟ್ಟರೆ ಬಕ ಹಾರುವುದಿಲ್ಲ. ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ.

1974ರಲ್ಲಿ ಹತ್ತೇ ಜಾತಿಯ ಮೀನು ಸಿಕ್ಕಿದ್ದ ಇಲ್ಲಿಯ ಜಲಮಾರ್ಗಗಳಲ್ಲಿ ಈಗ 70ಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಲಾಗಿದೆ. ಬೀವರ್ ಮರಳಿದೆ, ನೀರುನಾಯಿಯೂ ಕಾಣಿಸಿಕೊಂಡಿದೆ. 2025ರ ಸೆಪ್ಟೆಂಬರಿನಲ್ಲಿ ಊರ ನಡುವೆಯೇ ಈಜಿನ ಸ್ಪರ್ಧೆ ನಡೆಯಿತು. ಹಾಗೆಂದು ಕೆಲಸ ಮುಗಿದಿಲ್ಲ. ಜೋರು ಮಳೆ ಹೊಯ್ದರೆ ಚರಂಡಿ ಉಕ್ಕಿ ನದಿಗೆ ಸೇರುವುದು ಇಂದಿಗೂ ಉಂಟು.

ನದಿಯಲ್ಲಿ ಹರಿಯುವ ನೀರಿನ ಬಹುಪಾಲು ಶುದ್ಧೀಕರಣ ಘಟಕಗಳಿಂದ ಬಂದದ್ದು. ಅಂದರೆ ನಮ್ಮ ಅಡಿಗೆಮನೆ, ಬಚ್ಚಲುಗಳಿಂದ ಹೊರಟದ್ದು. ಆದ್ದರಿಂದ ಜೋರು ಮಳೆಯ ದಿನ ಬಟ್ಟೆ ಒಗೆಯುವುದನ್ನೂ ಪಾತ್ರೆ ತೊಳೆಯುವುದನ್ನೂ ಒಂದು ದಿನ ಮುಂದೂಡಿದರೂ ಅದು ನದಿಗೆ ಸಲ್ಲುವ ಸೇವೆಯೇ. ಊರಲ್ಲಿ ನಮ್ಮ ಹಿರಿಯರು ಹೊಳೆಗೆ ಬಾಗಿನ ಕೊಡುತ್ತಿದ್ದರು. ಇಲ್ಲಿ ನಾವು ಕೊಡಬಹುದಾದ ಬಾಗಿನ ಇದು.