ಬಾಕಿ ಉಳಿದ 34,000 ಮಾರ್ಕ್: 1204ರ ಕಾನ್‌ಸ್ಟಾಂಟಿನೋಪಲ್ ಪತನ

ಕರ್ನಾಟಕದ ಪ್ರೌಢಶಾಲೆಯ ಇತಿಹಾಸ ಪಾಠಗಳಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದ ಹೆಸರು 1453ನೇ ಇಸವಿಯೊಂದಿಗೆ ಬೆಸೆದುಕೊಂಡೇ ಬರುತ್ತದೆ. ಆಟೊಮನ್ ತುರ್ಕರು ಆ ನಗರವನ್ನು ಗೆದ್ದುದರಿಂದ ಪೂರ್ವ ಪಶ್ಚಿಮಗಳ ನಡುವಿನ ವ್ಯಾಪಾರಕ್ಕೆ ತೊಡಕುಂಟಾಯಿತು, ಯುರೋಪಿನವರು ಭಾರತಕ್ಕೆ ಹೊಸ ಜಲಮಾರ್ಗ ಹುಡುಕತೊಡಗಿದರು ಎಂಬುದು ಆ ಪಾಠದ ಸಾರ. ಆದರೆ ತುರ್ಕರ ಕೈಸೇರುವ ಹೊತ್ತಿಗೆ ಆ ನಗರ ಸಾಮ್ರಾಜ್ಯವೊಂದರ ರಾಜಧಾನಿಯಾಗಿ ಉಳಿದಿದ್ದುದು ಬಹುಮಟ್ಟಿಗೆ ಹೆಸರಿನಲ್ಲಿ ಮಾತ್ರ. ಅದರ ಸತ್ವವನ್ನು ಹೀರಿದ ಪೆಟ್ಟು ಬಿದ್ದದ್ದು ಎರಡೂವರೆ ಶತಮಾನ ಮೊದಲು, 1204ರ ಏಪ್ರಿಲ್‌ನಲ್ಲಿ, ಅದೂ ಜೆರುಸಲೇಮಿನ ಬಿಡುಗಡೆಗೆಂದು ಶಿಲುಬೆಯ ಗುರುತು ತೊಟ್ಟು ಹೊರಟಿದ್ದ ಪಶ್ಚಿಮ ಯುರೋಪಿನ ಕ್ರೈಸ್ತರ ಕೈಯಿಂದ. ನಾಲ್ಕನೆಯ ಕ್ರುಸೇಡ್ ಎಂದು ಹೆಸರಾದ ಈ ದಂಡಯಾತ್ರೆ ದಾರಿ ತಪ್ಪಿದ್ದಕ್ಕೆ ಮತದ್ವೇಷ, ರಾಜ್ಯಲೋಭ, ವ್ಯಾಪಾರದ ಪೈಪೋಟಿ ಹೀಗೆ ಹಲವು ಕಾರಣಗಳನ್ನು ಇತಿಹಾಸಕಾರರು ಕೊಟ್ಟಿದ್ದಾರೆ. ಅವೆಲ್ಲವೂ ಅಷ್ಟಿಷ್ಟು ನಿಜವೇ. ಆದರೆ ಘಟನೆಗಳ ಸರಪಣಿಯನ್ನು ಕೊಂಡಿ ಕೊಂಡಿಯಾಗಿ ಬಿಡಿಸಿ ನೋಡಿದರೆ ಪ್ರತಿಯೊಂದು ತಿರುವಿನಲ್ಲೂ ಎದುರಾಗುವುದು ತೀರದೆ ಉಳಿದ ಒಂದು ಸಾಲ.

1187ರಲ್ಲಿ ಸುಲ್ತಾನ ಸಲಾದಿನ್ ಜೆರುಸಲೇಮನ್ನು ವಶಪಡಿಸಿಕೊಂಡಿದ್ದ. ಅದನ್ನು ಮರಳಿ ಪಡೆಯಲು ನಡೆದ ಮೂರನೆಯ ಕ್ರುಸೇಡ್ ಕರಾವಳಿಯ ಕೆಲವು ಪಟ್ಟಣಗಳನ್ನು ಗಳಿಸಿಕೊಟ್ಟಿತೇ ಹೊರತು ಜೆರುಸಲೇಮನ್ನಲ್ಲ. 1198ರಲ್ಲಿ ರೋಮನ್ ಚರ್ಚಿನ ಮುಖ್ಯಸ್ಥನಾಗಿ ಪೋಪ್ ಪೀಠವೇರಿದ ಮೂರನೇ ಇನ್ನೊಸೆಂಟ್ ಅದೇ ವರ್ಷ ಹೊಸ ಕ್ರುಸೇಡಿಗೆ ಕರೆಕೊಟ್ಟ. ಈ ಸಲ ಮುಂದೆ ಬಂದವರು ರಾಜರಲ್ಲ, ಷಾಂಪೇನ್, ಬ್ಲುವಾ, ಫ್ಲಾಂಡರ್ಸ್ ಪ್ರಾಂತ್ಯಗಳ ಕೌಂಟರು, ಅಂದರೆ ಅರಸನ ಅಧೀನದಲ್ಲಿದ್ದೂ ತಮ್ಮ ನಾಡನ್ನು ತಾವೇ ಆಳುತ್ತಿದ್ದ ಪಾಳೆಯಗಾರರು. ಮುಸ್ಲಿಂ ಶಕ್ತಿಯ ಬೇರು ಈಜಿಪ್ಟಿನಲ್ಲಿದೆ, ನೈಲ್ ನದಿಯ ಮುಖಜಭೂಮಿಯನ್ನು ಹಿಡಿದರೆ ಜೆರುಸಲೇಮ್ ತಾನಾಗಿ ಸಡಿಲುತ್ತದೆ ಎಂಬ ಲೆಕ್ಕಾಚಾರದಿಂದ ಅವರು ಸಮುದ್ರಮಾರ್ಗವನ್ನು ಆರಿಸಿಕೊಂಡರು. ಪವಿತ್ರಭೂಮಿಗೇ ನೇರವಾಗಿ ಹೋಗಬೇಕೆಂಬ ಹಂಬಲವಿದ್ದ ಸಾಮಾನ್ಯ ಯಾತ್ರಿಕ ಸೈನಿಕರಿಗೆ ಈ ಸಂಗತಿಯನ್ನು ತಿಳಿಸದೆ ಗುಟ್ಟಾಗಿಟ್ಟರು. ಇಡೀ ದಂಡನ್ನು ಸಾಗಿಸುವಷ್ಟು ಹಡಗುಗಳು ಕೌಂಟರಲ್ಲಿ ಯಾರ ಬಳಿಯೂ ಇರಲಿಲ್ಲ. ಆದ್ದರಿಂದ 1201ರ ಆರಂಭದಲ್ಲಿ ಅವರ ಆರು ಮಂದಿ ದೂತರು ವೆನಿಸ್ ನಗರಕ್ಕೆ ಹೋದರು. ಆ ಆರು ಜನರಲ್ಲಿ ಷಾಂಪೇನಿನ ಸೇನಾಧಿಕಾರಿ ಜೆಫ್ರಿ ದ ವಿಲ್ಹಾರ್ದುವಾ ಒಬ್ಬ; ಮುಂದೆ ಈ ದಂಡಯಾತ್ರೆಯ ವೃತ್ತಾಂತವನ್ನು ಫ್ರೆಂಚ್ ಗದ್ಯದಲ್ಲಿ ಬರೆದವನೂ ಅವನೇ ಆದ್ದರಿಂದ, ಕರಾರಿನ ವಿವರಗಳು ಅದಕ್ಕೆ ಹೊಣೆಗಾರನಾದವನ ಲೇಖನಿಯಿಂದಲೇ ನಮಗೆ ದೊರೆತಿವೆ ಎಂಬುದನ್ನು ಮರೆಯುವಂತಿಲ್ಲ.

ಅರಸನಿಲ್ಲದ ವ್ಯಾಪಾರಿ ಗಣರಾಜ್ಯವಾಗಿದ್ದ ವೆನಿಸ್ಸಿನಲ್ಲಿ ಚುನಾಯಿತ ಮುಖ್ಯಾಧಿಕಾರಿಗೆ ಡೋಜ್ ಎಂಬ ಹೆಸರಿತ್ತು. ಆಗಿನ ಡೋಜ್ ಎನ್ರಿಕೊ ದಾಂದೊಲೊ ಬಹಳ ಮುದುಕ, ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದವನು, ಲೆಕ್ಕದಲ್ಲಿ ಮಾತ್ರ ಎಂದೂ ಎಡವದವನು. ಅವನೊಡನೆ ಆದ ಕರಾರಿನಂತೆ ವೆನಿಸ್ 4,500 ನೈಟರನ್ನು, ಅಂದರೆ ಕುದುರೆಯೇರಿ ಕಾದಾಡುವ ಕವಚಧಾರಿ ವೀರರನ್ನು, ಅವರ 4,500 ಕುದುರೆಗಳನ್ನು, ಅವರ ಊಳಿಗದ 9,000 ಸ್ಕ್ವೈರರನ್ನು ಮತ್ತು 20,000 ಕಾಲಾಳುಗಳನ್ನು ಸಾಗಿಸಲು ಹಡಗುಗಳನ್ನೂ ಆಹಾರವನ್ನೂ ಒದಗಿಸಬೇಕಿತ್ತು. ಕುದುರೆಯೊಂದಕ್ಕೆ 4 ಮಾರ್ಕ್, ಮನುಷ್ಯನಿಗೆ 2 ಮಾರ್ಕ್ ಎಂಬ ದರದಲ್ಲಿ ಒಟ್ಟು ಮೊತ್ತ 85,000 ಮಾರ್ಕ್ ಆಯಿತು. ಮಾರ್ಕ್ ಎಂಬುದು ಬೆಳ್ಳಿಯ ತೂಕದ ಅಳತೆ, ಸುಮಾರು 230 ಗ್ರಾಂಗಿಂತ ತುಸು ಹೆಚ್ಚು. ಆ ಪ್ರಕಾರ ದೂತರು ಒಪ್ಪಿಬಂದದ್ದು ಹತ್ತಿರ ಹತ್ತಿರ 20 ಟನ್ ಬೆಳ್ಳಿಗೆ. ಇದಲ್ಲದೆ ತನ್ನದೇ ಖರ್ಚಿನಲ್ಲಿ 50 ಯುದ್ಧನೌಕೆಗಳನ್ನು ಕಳುಹಿಸುವುದಾಗಿಯೂ, ಅದಕ್ಕೆ ಪ್ರತಿಯಾಗಿ ಗೆದ್ದದ್ದರಲ್ಲಿ ಅರ್ಧ ತನಗೆ ಸಲ್ಲಬೇಕೆಂದೂ ವೆನಿಸ್ ಷರತ್ತು ಹಾಕಿತು. ಹಡಗು ಹೊರಡಬೇಕಾದ ದಿನ 1202ರ ಜೂನ್ 29.

ಈ ಕರಾರಿನಲ್ಲಿ ವೆನಿಸ್ ಮೋಸ ಮಾಡಿತೆಂದು ಹಿಂದಿನ ಕೆಲವು ಲೇಖಕರು ದೂರಿದ್ದುಂಟು. ಆದರೆ ವಿಧಿಸಿದ ದರ ಆ ಕಾಲಕ್ಕೆ ಅತಿರೇಕದ್ದಾಗಿರಲಿಲ್ಲ, ಮತ್ತು ವೆನಿಸ್ ತನ್ನ ಮಾತನ್ನು ಅಕ್ಷರಶಃ ನಡೆಸಿತು. ತನ್ನ ವ್ಯಾಪಾರವನ್ನು ಬಹುಮಟ್ಟಿಗೆ ನಿಲ್ಲಿಸಿ, ಬಡಗಿಗಳನ್ನೂ ನಾವಿಕರನ್ನೂ ಈ ಒಂದೇ ಕೆಲಸಕ್ಕೆ ಹಚ್ಚಿ, ಕುದುರೆಗಳನ್ನು ನೇರವಾಗಿ ದಡಕ್ಕಿಳಿಸಲು ಪಕ್ಕದಲ್ಲಿ ಬಾಗಿಲಿದ್ದ ವಿಶೇಷ ಹಡಗುಗಳನ್ನೂ ಸೇರಿಸಿ ಇಡೀ ನೌಕಾಪಡೆಯನ್ನು ಹೇಳಿದ ಅವಧಿಯೊಳಗೆ ಸಿದ್ಧಪಡಿಸಿತು. ದೋಷವಿದ್ದದ್ದು ದೂತರ ಅಂದಾಜಿನಲ್ಲಿ. 33,500 ಜನ ಬಂದೇ ಬರುತ್ತಾರೆಂದು ಅವರು ಖಚಿತ ಮೊತ್ತಕ್ಕೆ ಸಹಿ ಹಾಕಿದ್ದರು. ಶಿಲುಬೆ ತೊಟ್ಟವರೆಲ್ಲ ವೆನಿಸ್ಸಿನಿಂದಲೇ ಹೊರಡಬೇಕೆಂಬ ಕಟ್ಟಳೆಯನ್ನು ಮಾತ್ರ ಯಾರೂ ಮಾಡಿರಲಿಲ್ಲ, ಮಾಡುವ ಅಧಿಕಾರವೂ ಅವರಿಗಿರಲಿಲ್ಲ. ಕೆಲವರು ಮಾರ್ಸೇಲ್ಸ್‌ನಿಂದ, ಕೆಲವರು ದಕ್ಷಿಣ ಇಟಲಿಯಿಂದ, ಮತ್ತೆ ಕೆಲವರು ಫ್ಲಾಂಡರ್ಸಿನಿಂದ ತಮ್ಮದೇ ಹಡಗುಗಳಲ್ಲಿ ಹೊರಟುಹೋದರು. ನಾಯಕನಾಗಬೇಕಿದ್ದ ಷಾಂಪೇನಿನ ಕೌಂಟ್ ತಿಬೊ 1201ರಲ್ಲೇ ತೀರಿಕೊಂಡು ಅವನ ಸ್ಥಾನಕ್ಕೆ ಇಟಲಿಯ ಮಾನ್‌ಫೆರಾಟಿನ ಒಡೆಯ ಬೋನಿಫಾಸ್ ಬಂದಿದ್ದ. 1202ರ ಬೇಸಿಗೆಯಲ್ಲಿ ವೆನಿಸ್ಸಿನ ಎದುರಿನ ಲಿಡೊ ಮರಳದಂಡೆಯಲ್ಲಿ ಬಿಡಾರ ಹೂಡಿದವರು ನಿರೀಕ್ಷೆಯ ಸುಮಾರು ಮೂರನೇ ಒಂದು ಭಾಗ. ಕೌಂಟರು ತಮ್ಮ ಬೆಳ್ಳಿ ಬಂಗಾರದ ಪಾತ್ರೆಗಳನ್ನೂ ತಂದು ಸುರಿದರು. ಆದರೂ 34,000 ಮಾರ್ಕ್ ಬಾಕಿ ಉಳಿಯಿತು.

ಹಣ ಬಾರದಿದ್ದರೆ ವೆನಿಸ್ ಮುಳುಗುತ್ತಿತ್ತು, ಹಡಗು ಸಿಗದಿದ್ದರೆ ಕ್ರುಸೇಡ್ ಅಲ್ಲಿಗೇ ಮುಗಿಯುತ್ತಿತ್ತು. ಈ ಇಕ್ಕಟ್ಟಿಗೆ ದಾಂದೊಲೊ ಸೂಚಿಸಿದ ಪರಿಹಾರವೆಂದರೆ, ವೆನಿಸ್ಸಿನ ಅಧಿಕಾರ ಧಿಕ್ಕರಿಸಿ ಹಂಗೇರಿಯ ರಾಜನ ಆಶ್ರಯಕ್ಕೆ ಹೋಗಿದ್ದ ಏಡ್ರಿಯಾಟಿಕ್ ಕರಾವಳಿಯ ಜಾರಾ ಪಟ್ಟಣವನ್ನು (ಇಂದಿನ ಕ್ರೊಯೇಷಿಯಾದ ಜಾದರ್) ಕ್ರುಸೇಡಿಗರು ಗೆದ್ದುಕೊಡಬೇಕು, ಆಗ ಬಾಕಿಯನ್ನು ಮುಂದೆ ದೊರೆಯುವ ಕೊಳ್ಳೆಯಿಂದ ತೀರಿಸಬಹುದು ಎಂಬುದು. ಜಾರಾ ಕ್ರೈಸ್ತ ಪಟ್ಟಣ. ಹಂಗೇರಿಯ ರಾಜನೇ ಕ್ರುಸೇಡಿನ ಪ್ರತಿಜ್ಞೆ ತೊಟ್ಟವನು. ಕ್ರೈಸ್ತರ ಮೇಲೆ ಆಯುಧ ಎತ್ತಕೂಡದೆಂದು ಪೋಪನ ಪತ್ರವೂ ಬಂದಿತ್ತು. ಅದೆಲ್ಲವನ್ನೂ ಬದಿಗೊತ್ತಿ 1202ರ ನವೆಂಬರ್‌ನಲ್ಲಿ ಜಾರಾವನ್ನು ಮುತ್ತಿ ಗೆದ್ದರು. ಸಿಮೊನ್ ದ ಮಾನ್‌ಫರ್ಟ್‌ನಂಥ ಕೆಲವರು ಇದಕ್ಕೆ ಕೈಜೋಡಿಸದೆ ದಂಡನ್ನು ಬಿಟ್ಟುಹೋದರು. ಪೋಪ್ ಎಲ್ಲರಿಗೂ ಬಹಿಷ್ಕಾರ ವಿಧಿಸಿ, ಪಶ್ಚಾತ್ತಾಪ ತೋರಿದ ಕ್ರುಸೇಡಿಗರನ್ನು ಕ್ಷಮಿಸಿದ; ವೆನಿಸ್ಸಿನವರು ಕ್ಷಮೆ ಕೇಳಲಿಲ್ಲ. ಒಮ್ಮೆ ಈ ಗೆರೆಯನ್ನು ದಾಟಿದ ಮೇಲೆ ಮುಂದಿನದಕ್ಕೆ ಹೆಚ್ಚು ಸಂಕೋಚ ಬೇಕಾಗಲಿಲ್ಲವೆಂದು ತೋರುತ್ತದೆ.

ಹಳೆಯ ಸಾಲ ತೀರುವ ಮೊದಲೇ ಅದನ್ನು ನುಂಗುವಷ್ಟು ದೊಡ್ಡ ಆಸೆ ಚಳಿಗಾಲದ ಆ ಬಿಡಾರಕ್ಕೆ ಬಂತು. ರೋಮನ್ ಸಾಮ್ರಾಜ್ಯದ ಪೂರ್ವ ಭಾಗವಾಗಿ ಉಳಿದು, ಗ್ರೀಕ್ ಭಾಷೆಯನ್ನೂ ರೋಮ್‌ನಿಂದ ಬೇರೆಯಾದ ಆರ್ಥೊಡಾಕ್ಸ್ ಚರ್ಚನ್ನೂ ಅನುಸರಿಸುತ್ತಿದ್ದ ಬೈಜಾಂಟಿಯಮ್‌ನಲ್ಲಿ 1195ರಲ್ಲಿ ಮೂರನೇ ಅಲೆಕ್ಸಿಯಸ್ ತನ್ನ ತಮ್ಮ, ಚಕ್ರವರ್ತಿ ಎರಡನೇ ಐಸಾಕನ ಕಣ್ಣು ಕೀಳಿಸಿ ಪಟ್ಟವೇರಿದ್ದ. ಐಸಾಕನ ಮಗ ಅಲೆಕ್ಸಿಯಸ್ ತಪ್ಪಿಸಿಕೊಂಡು, ತನ್ನ ಅಕ್ಕನ ಗಂಡನಾದ ಜರ್ಮನಿಯ ಫಿಲಿಪ್‌ನ ಆಶ್ರಯ ಪಡೆದಿದ್ದವನು, ತಂದೆಯ ಪಟ್ಟವನ್ನು ಮರಳಿ ಕೊಡಿಸಿದರೆ 2 ಲಕ್ಷ ಮಾರ್ಕ್ ಹಣ, ಈಜಿಪ್ಟಿನ ಯುದ್ಧಕ್ಕೆ 10,000 ಸೈನಿಕರು, ಪವಿತ್ರಭೂಮಿಯ ರಕ್ಷಣೆಗೆ ತಾನು ಬದುಕಿರುವವರೆಗೂ 500 ನೈಟರು, ಇದರ ಮೇಲೆ ಗ್ರೀಕ್ ಚರ್ಚನ್ನು ಪೋಪನ ಅಧೀನಕ್ಕೆ ತರುವ ವಾಗ್ದಾನ, ಇಷ್ಟನ್ನೂ ಮುಂದಿಟ್ಟ. ಸಾಲಗಾರರಿಗೆ ಇದು ದೇವರು ಕೊಟ್ಟ ದಾರಿಯಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಇಷ್ಟೊಂದು ಹಣ ರಾಜಕುಮಾರನಿಗೆ ಎಲ್ಲಿಂದ ಬರುತ್ತದೆಂದು ಯಾರೂ ವಿಚಾರಿಸಲಿಲ್ಲ ಎಂಬುದು ಆಶ್ಚರ್ಯ.

1203ರ ಜುಲೈನಲ್ಲಿ ನೌಕಾಪಡೆ ಕಾನ್‌ಸ್ಟಾಂಟಿನೋಪಲಿನ ಬಂದರಾದ ಗೋಲ್ಡನ್ ಹಾರ್ನ್ ಎಂಬ ಕೊಲ್ಲಿಯ ಬಾಯಿಗೆ ಕಟ್ಟಿದ್ದ ಕಬ್ಬಿಣದ ಸರಪಣಿಯನ್ನು ಮುರಿದು ಒಳನುಗ್ಗಿದಾಗ ಮೂರನೇ ಅಲೆಕ್ಸಿಯಸ್ ರಾತ್ರೋರಾತ್ರಿ ಪಲಾಯನ ಮಾಡಿದ, ಕುರುಡ ಐಸಾಕ್ ಸೆರೆಯಿಂದ ಸಿಂಹಾಸನಕ್ಕೆ ಬಂದ, ಮಗ ನಾಲ್ಕನೇ ಅಲೆಕ್ಸಿಯಸ್ ಎಂಬ ಹೆಸರಿನಲ್ಲಿ ಸಹಚಕ್ರವರ್ತಿಯಾದ. ಬೊಕ್ಕಸ ಬರಿದಾಗಿತ್ತು. ಚರ್ಚುಗಳ ಬೆಳ್ಳಿಪಾತ್ರೆಗಳನ್ನೂ ಪವಿತ್ರಚಿತ್ರಗಳ ಲೋಹದ ಹೊದಿಕೆಗಳನ್ನೂ ಕರಗಿಸಿ ಅವನು ಸುಮಾರು ಅರ್ಧ ಹಣ ತೆತ್ತ. ಪ್ರಜೆಗಳ ಕಣ್ಣಿಗೆ ಅದು ದೇವದ್ರೋಹವಾಯಿತು, ಸಾಲ ಕೊಟ್ಟವರ ಕಣ್ಣಿಗೆ ಇನ್ನರ್ಧವಷ್ಟೇ ಕಂಡಿತು. ಆಗಸ್ಟಿನಲ್ಲಿ ಪಶ್ಚಿಮದವರು ಹಚ್ಚಿದ ಬೆಂಕಿ ನಗರದ ನಡುಭಾಗವನ್ನು ಸುಟ್ಟಿತು. ವೆನಿಸ್ಸಿನೊಂದಿಗಿನ ನೌಕಾ ಕರಾರಿನ ಅವಧಿ ಸೆಪ್ಟೆಂಬರಿಗೆ ಮುಗಿಯುತ್ತಿದ್ದುದರಿಂದ, ಅದನ್ನು ಮುಂದುವರಿಸುವ ವೆಚ್ಚವನ್ನೂ ಅಲೆಕ್ಸಿಯಸನೇ ತನ್ನ ಮೇಲೆ ಹೇರಿಕೊಂಡಿದ್ದ. 1204ರ ಆರಂಭದಲ್ಲಿ ನಗರ ದಂಗೆಯೆದ್ದಿತು. ಪಶ್ಚಿಮದವರ ಕಟ್ಟಾವಿರೋಧಿಯಾದ ಐದನೇ ಅಲೆಕ್ಸಿಯಸ್ ಪಟ್ಟವೇರಿ, ಯುವ ಚಕ್ರವರ್ತಿಯ ಕತ್ತು ಹಿಸುಕಿಸಿದ. ಸಾಲ ತೆಗೆದುಕೊಂಡವನೇ ಸತ್ತಾಗ ಗೋಡೆಯ ಹೊರಗಿದ್ದವರಿಗೆ ಉಳಿದದ್ದು ಜಪ್ತಿಯ ದಾರಿಯೊಂದೇ. ಮಾರ್ಚ್‌ನಲ್ಲಿ ಅವರು ಕೊಳ್ಳೆಯನ್ನೂ ಸಾಮ್ರಾಜ್ಯವನ್ನೂ ಹೇಗೆ ಹಂಚಿಕೊಳ್ಳಬೇಕೆಂದು ಮುಂಚಿತವಾಗಿಯೇ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಂಡರು.

ಏಪ್ರಿಲ್ 9ರ ದಾಳಿ ವಿಫಲವಾಯಿತು. 12ರಂದು ಹಡಗುಗಳನ್ನು ಎರಡೆರಡಾಗಿ ಬಿಗಿದು, ಕೂವೆಮರದಿಂದ ಚಾಚಿದ ಸೇತುವೆಗಳ ಮೂಲಕ ಕೊಲ್ಲಿಯ ಕಡೆಯ ಗೋಡೆಯ ಬುರುಜುಗಳಿಗೆ ಹಾರಿ ನಗರವನ್ನು ಹೊಕ್ಕರು. ಮುಂದಿನ ಮೂರು ದಿನ ಲೂಟಿ ನಡೆಯಿತು. ಅದನ್ನು ಕಣ್ಣಾರೆ ಕಂಡ ಆಸ್ಥಾನದ ಹಿರಿಯ ಅಧಿಕಾರಿ, ಇತಿಹಾಸಕಾರ ನಿಕೆಟಾಸ್ ಕೊನಿಯಾಟೆಸ್, ಹಾಗಿಯಾ ಸೋಫಿಯಾ ಮಹಾಚರ್ಚಿನೊಳಗೆ ಹೇರು ಹೊರಲು ಹೇಸರಗತ್ತೆಗಳನ್ನು ಹೊಡೆದುಕೊಂಡು ಬಂದದ್ದನ್ನೂ, ಪ್ರಾಚೀನ ಕಂಚಿನ ಮೂರ್ತಿಗಳನ್ನು ನಾಣ್ಯಕ್ಕಾಗಿ ಕರಗಿಸಿದ್ದನ್ನೂ ದಾಖಲಿಸಿದ್ದಾನೆ. ಅವನ ಕುಟುಂಬವನ್ನು ಆ ದಿನಗಳಲ್ಲಿ ಕಾಪಾಡಿದವನು ಅವನ ಪರಿಚಯದ ವೆನಿಸ್ಸಿನ ವರ್ತಕನೊಬ್ಬ ಎಂಬುದು, ಆ ನಗರದಲ್ಲಿ ಎರಡು ಸಮುದಾಯಗಳು ಎಷ್ಟು ಹತ್ತಿರ ಬಾಳಿದ್ದವೆಂಬುದಕ್ಕೆ ಸಾಕ್ಷಿ. ಕರಗದೆ ಉಳಿದದ್ದರಲ್ಲಿ ನಾಲ್ಕು ಲೋಹದ ಕುದುರೆಗಳು ವೆನಿಸ್ಸಿನ ಸೇಂಟ್ ಮಾರ್ಕ್ ಚರ್ಚಿಗೆ ಹೋದವು; ಅದೇ ಚರ್ಚಿನ ಮೂಲೆಯಲ್ಲಿರುವ ಕೆಂಪುಶಿಲೆಯ ನಾಲ್ವರು ಅರಸರ ಶಿಲ್ಪದಲ್ಲಿ ಒಬ್ಬನಿಗಿಲ್ಲದ ಪಾದ 20ನೇ ಶತಮಾನದಲ್ಲಿ ಇಸ್ತಾಂಬುಲ್‌ನ ಉತ್ಖನನದಲ್ಲಿ ದೊರೆತು, ಈಗ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಕೊಳ್ಳೆಯ ರಾಶಿಯಿಂದ ವೆನಿಸ್ಸಿಗೆ ಕ್ರುಸೇಡಿಗರ ಹಳೆಯ ಬಾಕಿ ಕೊನೆಗೂ ಸಂದಾಯವಾಯಿತು. ಉಳಿದದ್ದನ್ನು ಒಬ್ಬ ನೈಟ್‌ಗೆ ಇಬ್ಬರು ಸವಾರರ, ಒಬ್ಬ ಸವಾರನಿಗೆ ಇಬ್ಬರು ಕಾಲಾಳುಗಳ ಪಾಲು ಎಂಬ ಲೆಕ್ಕದಲ್ಲಿ ಹಂಚಿದರು. ದೊಡ್ಡವರು ಒಳ್ಳೆಯದನ್ನೆಲ್ಲ ಮೊದಲೇ ಎತ್ತಿಟ್ಟುಕೊಂಡರೆಂದು ಬಡ ನೈಟ್ ರೋಬೆರ್ ದ ಕ್ಲಾರಿ ತನ್ನ ವೃತ್ತಾಂತದಲ್ಲಿ ಗೊಣಗಿದ್ದಾನೆ. ಈಜಿಪ್ಟಿಗೆ ಯಾರೂ ಹೋಗಲಿಲ್ಲ.

ಇದೆಲ್ಲ ದಾಂದೊಲೊ ಮೊದಲೇ ಹೆಣೆದ ಒಳಸಂಚೇ ಎಂಬ ಪ್ರಶ್ನೆ ಹಳೆಯದು. 1171ರಲ್ಲಿ ಬೈಜಾಂಟೈನ್ ಚಕ್ರವರ್ತಿ ತನ್ನ ರಾಜ್ಯದಲ್ಲಿದ್ದ ವೆನಿಸ್ಸಿನವರನ್ನೆಲ್ಲ ಸೆರೆಹಿಡಿಸಿ ಆಸ್ತಿ ಮುಟ್ಟುಗೋಲು ಹಾಕಿದ್ದು, 1182ರಲ್ಲಿ ಕಾನ್‌ಸ್ಟಾಂಟಿನೋಪಲಿನ ಜನ ಲ್ಯಾಟಿನರನ್ನು, ಅಂದರೆ ರೋಮನ್ ಚರ್ಚಿಗೆ ಸೇರಿದ ಪಶ್ಚಿಮದವರನ್ನು ಕೊಚ್ಚಿಹಾಕಿದ್ದು ಎರಡೂ ಜನರ ನೆನಪಿನಲ್ಲಿ ಹಸಿಯಾಗಿದ್ದವು ಎಂಬುದು ನಿಜ. ಆದರೂ ಸಂಚಿನ ವಾದ ನಿಲ್ಲುವುದು ಕಷ್ಟ. ಎಷ್ಟು ಜನ ಲಿಡೊಗೆ ಬರುವುದಿಲ್ಲ ಎಂಬುದನ್ನು ದಾಂದೊಲೊ 1201ರಲ್ಲೇ ಊಹಿಸಿದ್ದನೆಂದು ನಂಬಬೇಕಾಗುತ್ತದೆ, ಹಾಗೆ ಊಹಿಸಿದ್ದವನು ತನ್ನ ನಗರದ ದುಡಿಮೆಯನ್ನೆಲ್ಲ ಆ ಹಡಗುಗಳಿಗೆ ಸುರಿಯುತ್ತಿರಲಿಲ್ಲ. ದ್ವೇಷ ದಾರಿಯನ್ನು ಸಲೀಸು ಮಾಡಿತು, ದಾರಿ ಹಿಡಿಸಿದ್ದು ಬಾಕಿ.

ಗೆದ್ದ ಸಾಮ್ರಾಜ್ಯಕ್ಕೆ ಫ್ಲಾಂಡರ್ಸಿನ ಕೌಂಟ್ ಬಾಲ್ಡ್ವಿನ್ ಚಕ್ರವರ್ತಿಯಾದ; ಮರುವರ್ಷವೇ ಏಡ್ರಿಯಾನೋಪಲ್ ಕದನದಲ್ಲಿ ಬಲ್ಗೇರಿಯಾದ ದೊರೆಯ ಸೆರೆಯಾಗಿ ಮರಳಲಿಲ್ಲ. ವೆನಿಸ್ ನೆಲದ ಹಂಬಲಕ್ಕೆ ಬೀಳದೆ ಬಂದರುಗಳನ್ನೂ ದ್ವೀಪಗಳನ್ನೂ ಆರಿಸಿಕೊಂಡಿತು. ಬೋನಿಫಾಸನಿಂದ 1,000 ಮಾರ್ಕಿಗೆ ಹಕ್ಕು ಕೊಂಡ ಕ್ರೀಟ್ ದ್ವೀಪವನ್ನು 1669ರವರೆಗೂ ಉಳಿಸಿಕೊಂಡಿತು. ಸಾಲದಿಂದ ಹುಟ್ಟಿದ ಲ್ಯಾಟಿನ್ ಸಾಮ್ರಾಜ್ಯ ಸಾಲದಲ್ಲೇ ಸವೆಯಿತು. ಅದರ ಕೊನೆಯ ಚಕ್ರವರ್ತಿ ಎರಡನೇ ಬಾಲ್ಡ್ವಿನ್ ಅರಮನೆಯ ಮಾಡಿನ ಸೀಸವನ್ನು ಕಿತ್ತು ಮಾರಿದ, ಹೆತ್ತ ಮಗನನ್ನೇ ವೆನಿಸ್ಸಿನ ವರ್ತಕರಲ್ಲಿ ಒತ್ತೆಯಿಟ್ಟ. ಕ್ರಿಸ್ತನ ಮುಳ್ಳಿನ ಕಿರೀಟವೆಂದು ಪೂಜೆಗೊಳ್ಳುತ್ತಿದ್ದ ಅವಶೇಷ ಅಡವಿಗೆ ಬಿದ್ದಾಗ ಅದನ್ನು ಬಿಡಿಸಿಕೊಂಡ ಫ್ರಾನ್ಸಿನ ಒಂಬತ್ತನೇ ಲೂಯಿ, ಅದಕ್ಕಾಗಿಯೇ ಪ್ಯಾರಿಸ್ಸಿನಲ್ಲಿ ಸೇಂಟ್ ಶಪೆಲ್ ಎಂಬ ಪ್ರಾರ್ಥನಾಲಯವನ್ನು ಕಟ್ಟಿಸಿದ.

ಗ್ರೀಕರು ಏಷ್ಯಾ ಮೈನರಿನ ನೈಸಿಯಾದಲ್ಲಿ ರಾಜ್ಯ ಕಟ್ಟಿಕೊಂಡು, 1261ರಲ್ಲಿ ಎಂಟನೇ ಮೈಕೇಲ್ ಪೆಲಿಯೊಲೊಗಸನ ಕಾಲಕ್ಕೆ ರಾಜಧಾನಿಯನ್ನು ಮರಳಿ ಪಡೆದರು. ಆದರೆ ವೆನಿಸ್ಸನ್ನು ಎದುರಿಸಲು ಅವನು ಜಿನೋವಾಕ್ಕೆ ಸುಂಕದ ವಿನಾಯಿತಿ ಕೊಟ್ಟಿದ್ದರಿಂದ ವ್ಯಾಪಾರದ ಆದಾಯ ಸಾಮ್ರಾಜ್ಯಕ್ಕೆ ದಕ್ಕಲಿಲ್ಲ; ಪಶ್ಚಿಮದ ಮರುದಾಳಿಯ ಭಯದಲ್ಲಿ ಸೈನ್ಯ, ಹಣ ಎಲ್ಲವೂ ಯುರೋಪಿನ ಕಡೆ ಹರಿದು, ನೈಸಿಯಾದ ಅರಸರು ಎಚ್ಚರದಿಂದ ಕಾದಿದ್ದ ಪೂರ್ವದ ಗಡಿ ಸಡಿಲವಾಯಿತು, ಆಟೊಮನ್ ವಂಶದ ಮೂಲಪುರುಷ ಉಸ್ಮಾನ್ ತಲೆಯೆತ್ತಿದ್ದು ಆ ಗಡಿಯಲ್ಲೇ. 1343ರಲ್ಲಿ ರಾಜಮಾತೆ ಆನಾ ಕಿರೀಟದ ಒಡವೆಗಳನ್ನು 30,000 ಡ್ಯುಕಾಟ್ ಚಿನ್ನದ ನಾಣ್ಯಗಳಿಗೆ ವೆನಿಸ್ಸಿನಲ್ಲಿ ಅಡವಿಟ್ಟಳು. ಅವುಗಳನ್ನು ಬಿಡಿಸಿಕೊಳ್ಳಲು ಆಗಲೇ ಇಲ್ಲವಾಗಿ, 1347ರ ಪಟ್ಟಾಭಿಷೇಕಕ್ಕೆ ಗಾಜಿನ ಹರಳುಗಳೇ ಗತಿಯಾದವು.

ಪೋಪ್ ಇನ್ನೊಸೆಂಟ್ ಬಯಸಿದ್ದ ಚರ್ಚುಗಳ ಐಕ್ಯ ಮಾತ್ರ ಬೆಳ್ಳಿಯಿಂದ ತೀರುವ ಬಾಕಿಯಾಗಿರಲಿಲ್ಲ. ನಗರ ಬಿದ್ದ ಸುದ್ದಿಗೆ ಮೊದಲು ಹರ್ಷಪಟ್ಟ ಅವನು, ಲೂಟಿಯ ವಿವರ ತಿಳಿದ ಮೇಲೆ ಇನ್ನು ಗ್ರೀಕರು ರೋಮನ್ ಚರ್ಚನ್ನು ಹೇಗೆ ನಂಬಿಯಾರೆಂದು ತನ್ನ ಪ್ರತಿನಿಧಿಗೆ ಕೋಪದಿಂದ ಬರೆದ. 1274ರಲ್ಲಿ ಲಿಯಾನ್‌ನಲ್ಲಿ, 1439ರಲ್ಲಿ ಫ್ಲಾರೆನ್ಸಿನಲ್ಲಿ ಚಕ್ರವರ್ತಿಗಳು ಸೈನಿಕ ಸಹಾಯದ ಆಸೆಯಿಂದ ಐಕ್ಯಕ್ಕೆ ಒಪ್ಪಿದರೂ ಪ್ರಜೆಗಳೂ ಸನ್ಯಾಸಿಗಳೂ ಒಪ್ಪಲಿಲ್ಲ. 1452ರ ಡಿಸೆಂಬರ್‌ನಲ್ಲಿ, ತುರ್ಕರ ಮುತ್ತಿಗೆಗೆ ಕೆಲವೇ ತಿಂಗಳಿರುವಾಗ, ಆ ಐಕ್ಯವನ್ನು ಹಾಗಿಯಾ ಸೋಫಿಯಾದಲ್ಲಿ ಘೋಷಿಸಿದ ಮೇಲೆ ನಗರದ ಎಷ್ಟೋ ಮಂದಿ ಆ ಚರ್ಚಿಗೆ ಪೂಜೆಗೆ ಹೋಗುವುದನ್ನೇ ಬಿಟ್ಟರು.